ಮೂರನೇ ಗಾಲಿಯ ಲೆಕ್ಕ

1932ರ ಜೂನ್ ತಿಂಗಳಲ್ಲಿ ನಿಜಾಮ್ ಸರ್ಕಾರ 27 ಬಸ್ಸುಗಳೊಂದಿಗೆ ತನ್ನ ರಸ್ತೆ ಸಾರಿಗೆಯನ್ನು ಆರಂಭಿಸಿತು. ಈ ಭಾಗದ ಸಾರಿಗೆ ಚರಿತ್ರೆ ಓದಲು ಕೂತವರಿಗೆ ಬಲುಬೇಗ ಎದುರಾಗುವ ಅಂಕಿ ಇದು. ಬಸ್ಸು ಸರ್ಕಾರದ್ದು, ಹಾಗಾಗಿ ಲೆಕ್ಕವೂ ಸರ್ಕಾರದ್ದು. ಕಲಬುರಗಿಯಿಂದ ಕಮಲಾಪುರದ ಕಡೆಗೆ ಜನರನ್ನು, ತೊಗರಿ ಚೀಲಗಳನ್ನು, ಕೆಂಪು ಬಾಳೆಗೊನೆಗಳನ್ನು ಹೊತ್ತು ಓಡುವ ಟಂಟಂ ಮತ್ತು ಅದರ ಬಂಧುಬಳಗದ ಲೆಕ್ಕ ಹಾಗೆ ಕಡತದಲ್ಲಿ ಕೂತಿರುವುದಿಲ್ಲ. ಸಾರಿಗೆಯ ಚರಿತ್ರೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು ಅದನ್ನು ಓದಲು ಕಲಿತದ್ದು ಗ್ಯಾರೇಜುಗಳಲ್ಲಿ, ಬಿಚ್ಚಿಟ್ಟ ಶಾಫ್ಟುಗಳ ಮೇಲೆ.

ಮೋಟಾರ್ ಸೈಕಲ್ಲಿಗೆ ಇನ್ನೊಂದು ಗಾಲಿ ಸೇರಿಸುವುದು ವೆಲ್ಡಿಂಗ್ ಕೆಲಸ. ಹಿಂದಿನ ಎರಡೂ ಗಾಲಿಗಳಿಗೆ ಇಂಜಿನ್ನಿನ ಬಲ ಹಂಚುವುದು ಬೇರೆಯೇ ಮಾತು. ನಮ್ಮ ಎತ್ತಿನ ಬಂಡಿಗೆ ಈ ತೊಂದರೆ ಇರಲಿಲ್ಲ. ಎಳೆಯುವುದು ಎತ್ತು, ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಉರುಳುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡೂ ಒಂದನ್ನೊಂದು ಕೇಳದೆ ಹೋಗುತ್ತವೆ. ಇಂಜಿನ್ ಅಚ್ಚನ್ನೇ ಹಿಡಿದು ತಿರುಗಿಸತೊಡಗಿದಾಗ ಎರಡೂ ಗಾಲಿಗಳಿಗೆ ಒಂದೇ ವೇಗದ ಕಟ್ಟು ಬೀಳುತ್ತದೆ. ತಿರುವಿನಲ್ಲಿ ಒಂದು ಟೈರು ನೆಲ ಕೆರೆಯುತ್ತದೆ, ಗಾಡಿ ನೆಟ್ಟಗೇ ಹೋಗಲು ಹಟ ಮಾಡುತ್ತದೆ.

ಇದಕ್ಕೆ ಮದ್ದು ಮೋಟಾರಿಗಿಂತ ಹಳೆಯದು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ 1877ರಲ್ಲಿ ತನ್ನ ಪೆಡಲ್ ತ್ರಿಚಕ್ರಕ್ಕೆ ಡಿಫರೆನ್ಶಿಯಲ್ ಅಳವಡಿಸಿದ. ಬಲವನ್ನು ಎರಡೂ ಕಡೆ ಹಂಚಿ, ವೇಗವನ್ನು ಮಾತ್ರ ಆಯಾ ಗಾಲಿಗೇ ಬಿಟ್ಟುಕೊಡುವ ಹಲ್ಲುಚಕ್ರಗಳ ಪೆಟ್ಟಿಗೆ ಅದು. ನಿಜಾಮನ ಬಸ್ಸುಗಳು ಹೊರಟ ಅದೇ 1932ರಲ್ಲಿ ಅಮೆರಿಕದ ಹಾರ್ಲೆ-ಡೇವಿಡ್ಸನ್ ಕಂಪನಿ ‘ಸರ್ವಿ-ಕಾರ್’ ಎಂಬ ಮೂರು ಗಾಲಿಯ ಮೋಟಾರ್ ಸೈಕಲ್ ಹೊರತಂದು, 1973ರವರೆಗೆ ತಯಾರಿಸಿತು. ಅದರಲ್ಲಿ ಬಲ ಡಿಫರೆನ್ಶಿಯಲ್ ತಲುಪುತ್ತಿದ್ದುದು ಚೈನಿನ ಮೂಲಕ.

ನಮ್ಮ ದೇಶದಲ್ಲಿ ಈ ಕೆಲಸವನ್ನು ಕಂಪನಿಗಿಂತ ಹೆಚ್ಚು ಕೈಗಳು ಮಾಡಿದವು. ಎರಡನೇ ಮಹಾಯುದ್ಧದ ಸೇನೆ ಬಿಟ್ಟುಹೋದ ಹಾರ್ಲೆಗಳ ಹಿಂಭಾಗ ಕತ್ತರಿಸಿ, ಅಲ್ಲಿ ಜನ ಕೂರುವ ಪೆಟ್ಟಿಗೆ ಕೂಡಿಸಿದ ದೆಹಲಿಯ ಫಟಫಟಿಗಳು 1998ರಲ್ಲಿ ಹಳೆಯ ವಾಣಿಜ್ಯ ವಾಹನಗಳನ್ನು ಕೋರ್ಟಿನ ಆದೇಶದ ಮೇರೆಗೆ ರಸ್ತೆಯಿಂದ ತೆಗೆಯುವವರೆಗೂ ಓಡಿದವು. ನಮ್ಮಂತೆಯೇ ಕಪ್ಪು ಮಣ್ಣಿನ ಸೌರಾಷ್ಟ್ರದಲ್ಲಿ ಮನ್ಸುಖ್‌ಭಾಯ್ ಜಗಾನಿ ಎಂಬುವರು ಬುಲೆಟ್ಟಿನ ಹಿಂದಿನ ಗಾಲಿ ತೆಗೆದು, ಎರಡು ಗಾಲಿಯ ಚೌಕಟ್ಟು ಸೇರಿಸಿ, ಅದಕ್ಕೆ ಕುಂಟೆ ಕಟ್ಟಿ ಹೊಲಕ್ಕಿಳಿಸಿದರು. ‘ಬುಲೆಟ್ ಸಾಂತಿ’ ಎಂದು ಅದು ಹೆಸರಾಯಿತು. ಇತ್ತ 1959ರಲ್ಲಿ ದ್ವಿಚಕ್ರ, ತ್ರಿಚಕ್ರ ತಯಾರಿಕೆಗೆ ಪರವಾನಗಿ ಪಡೆದ ಬಜಾಜ್, 1977ರಲ್ಲಿ ಇಂಜಿನ್ನನ್ನು ಹಿಂದಕ್ಕಿಟ್ಟ ಆಟೊ ತಂದಿತು. ಇಂಜಿನ್, ಗೇರು, ಡಿಫರೆನ್ಶಿಯಲ್ ಮೂರೂ ಹಿಂದೆ. ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ಗಿಡ್ಡ ಶಾಫ್ಟು. ಇವತ್ತಿಗೂ ಕೈಯಿಂದ ಮೂರು ಗಾಲಿಯ ಗಾಡಿ ಕಟ್ಟುವವರಿಗೆ ಆಟೊದ ಈ ಹಿಂಭಾಗ ಗುಜರಿಯಲ್ಲಿ ಸಿಗುವ ಸಿದ್ಧ ಪಾಠ.

ಕಮಲಾಪುರದ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ನಾನು ಕಂಡ ಗಾಡಿ ಅಂಥದ್ದು. ಮುಂದೆ ಮೋಟಾರ್ ಸೈಕಲ್, ಹಿಂದೆ ತೊಟ್ಟಿ, ನಡುವೆ ಉದ್ದ ಶಾಫ್ಟು. ಶಾಫ್ಟಿನ ಎರಡೂ ತುದಿಗೆ ಕವಲು, ಕವಲಿನಲ್ಲಿ ಕ್ರಾಸು. ಮೇಸ್ತ್ರಿ ಬೋಲ್ಟಿಗೆ ಪಾನಾ ಹಾಕುವ ಮುಂಚೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಶಾಫ್ಟಿನಿಂದ ಕವಲಿನವರೆಗೆ ಒಂದು ಗೆರೆ ಎಳೆದರು. “ಗುರ್ತ ಹಾಕ್ಲಾರ್ದ ಬಿಚ್ಚಬಾರ್ದು ತಮ್ಮಾ. ಒಂದ ಹಲ್ಲ ಆಕಡಿ ಈಕಡಿ ಆದ್ರ ಗಾಡಿ ಥರಥರ ನಡಗ್ತದ.”

ಆ ಗೆರೆಯ ಹಿಂದಿನ ಕಾರಣವನ್ನು 17ನೆಯ ಶತಮಾನದಲ್ಲಿ ರಾಬರ್ಟ್ ಹುಕ್ ಅಭ್ಯಾಸ ಮಾಡಿದ್ದ. ಓರೆಯಾಗಿ ನಿಂತ ಕ್ರಾಸಿನ ಒಂದು ಕಡೆ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿದ್ದು, ಎರಡೂ ಕಡೆಯ ಓರೆ ಒಂದೇ ಆಗಿದ್ದರೆ ಮೊದಲ ಕ್ರಾಸಿನ ತಪ್ಪನ್ನು ಎರಡನೆಯದು ಅಳಿಸುತ್ತದೆ. ಹಲ್ಲು ತಪ್ಪಿ ಕೂಡಿಸಿದರೆ ಆ ಏರುಪೇರು ಅಳಿಯದೆ ಗಾಡಿಗೆ ಹೋಗುತ್ತದೆ. ಹುಕ್ ಅದನ್ನು ಬರೆದಿಟ್ಟ. ಮೇಸ್ತ್ರಿಗಳು ಸೀಮೆಸುಣ್ಣದಲ್ಲಿ ಗೀಚಿ ಅಂಗೈಯಿಂದ ಒರೆಸಿಬಿಡುತ್ತಾರೆ. ನನ್ನಂಥವರು ಮೊದಲನೆಯದನ್ನು ಮಾತ್ರ ಆಕರ ಎಂದು ಒಪ್ಪುತ್ತ ಬಂದಿದ್ದೇವೆ.

ಉಳಿದ ಪಾಠವೆಲ್ಲ ಕಿವಿಯದ್ದು, ಬೆರಳಿನದ್ದು. ತಿರುವಿನಲ್ಲಿ ಕಟಕಟ ಎಂದರೆ ಕೀಲು ಹೋಗಿದೆ. ಕ್ಲಚ್ ಬಿಟ್ಟೊಡನೆ ಧಡ್ ಎಂದರೆ ಹಲ್ಲು ಸವೆದಿದೆ. ಟೈರಿನ ಒಳಮೈ ಎಣ್ಣೆಯಿಂದ ಕಪ್ಪಾಗಿದ್ದರೆ ಆಯಿಲ್ ಸೀಲು. ಆಟೊದ ಗಿಡ್ಡ ಶಾಫ್ಟಿಗೆ ದೊಡ್ಡ ಶತ್ರು ಹರಿದ ರಬ್ಬರ್ ಬೂಟು: ಒಳಗೆ ನುಗ್ಗಿದ ಧೂಳು ಗ್ರೀಸಿನೊಡನೆ ಕಲೆತು ಸಾಣೆಯ ಹಿಟ್ಟಾಗುತ್ತದೆ, ಕೀಲನ್ನು ಕಾಯಬೇಕಾದ ಗ್ರೀಸೇ ಅದನ್ನು ತಿನ್ನುತ್ತದೆ. ಬೂಟಿನ ಬೆಲೆ ಅಲ್ಪ, ಶಾಫ್ಟಿನದು ಹಾಗಲ್ಲ. ಆದರೆ ಬೂಟು ಹರಿದ ದಿನ ಗಾಡಿ ನಿಲ್ಲುವುದಿಲ್ಲ, ನಿಲ್ಲದ ಗಾಡಿಯನ್ನು ದಿನದ ದುಡಿಮೆ ಬಿಟ್ಟು ಯಾರೂ ಗ್ಯಾರೇಜಿಗೆ ತರುವುದಿಲ್ಲ. ಮುರಿದ ಶಾಫ್ಟನ್ನು ವೆಲ್ಡ್ ಮಾಡಿಸಿದವರು ಮತ್ತೆ ಬರುತ್ತಾರೆ: ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಂಡು ಬೆಸುಗೆಯ ಪಕ್ಕದಲ್ಲೇ ಮುರಿದಿರುತ್ತದೆ. ಮಿತಿಮೀರಿ ಮಂದಿ ಹತ್ತಿದಾಗ ಹಿಂಭಾಗ ಕುಸಿದು, ಶಾಫ್ಟಿನ ಓರೆ ಬದಲಾಗಿ, ಕೀಲು ಇಡೀ ದಾರಿ ವಕ್ರವಾಗಿಯೇ ದುಡಿಯುತ್ತದೆ. ಬಸ್ಸು ಬಾರದ ಹೊತ್ತಿನಲ್ಲಿ ಟಂಟಂ ಎಷ್ಟು ಹೊತ್ತಿದೆ ಎಂಬುದನ್ನು ಕೀಲಿನ ಸವೆತ ಹೇಳುತ್ತದೆ. ನನ್ನ ಪ್ರಕಾರ ಅದೂ ಒಂದು ದಾಖಲೆ.

ಈ ಚರಿತ್ರೆಯಲ್ಲಿ ಒಂದು ಮೂರು ಗಾಲಿ ಹೊರಗುಳಿದಿದೆ. ಅಂಗವಿಕಲರ ಸ್ಕೂಟರಿಗೆ ಸಾಮಾನ್ಯವಾಗಿ ಹಿಂದಿನ ಗಾಲಿಯ ಎರಡೂ ಬದಿಗೆ ಒಂದೊಂದು ಗಾಲಿ ಸೇರಿಸುತ್ತಾರೆ. ಒಟ್ಟು ನಾಲ್ಕಾದವು, ಆದರೆ ಇಂಜಿನ್ ತಿರುಗಿಸುವುದು ನಡುವಿನ ಒಂದನ್ನೇ. ಇಲ್ಲಿ ಡಿಫರೆನ್ಶಿಯಲ್ಲೂ ಇಲ್ಲ, ಶಾಫ್ಟೂ ಇಲ್ಲ. ಡಾಂಬರಿನ ಮೇಲೆ ಇದು ಸಲೀಸು, ಅಗ್ಗ, ರಿಪೇರಿಯೂ ಸುಲಭ. ಎರೆಮಣ್ಣಿನ ದಾರಿಯಲ್ಲಿ ಪಕ್ಕದ ಗಾಲಿಗಳು ದಿಬ್ಬದ ಮೇಲೆ ಕೂತು ನಡುವಿನದು ತಗ್ಗಿನ ಮೇಲೆ ಬಂತೋ, ಅದು ನೆಲ ಹಿಡಿಯದೆ ಗಾಳಿಯಲ್ಲಿ ಗಿರಗಿರ ತಿರುಗುತ್ತದೆ. ಕೂತವರು ಇಳಿದು ತಳ್ಳುವಂತಿಲ್ಲ.

ಕಾನೂನು ಈ ಕಡೆಗೆ ನಿಧಾನವಾಗಿ ಬಂದಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಎತ್ತಿಹಿಡಿದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ, ‘ಅಶಕ್ತರ ಗಾಡಿ’ ಎಂಬರ್ಥದ ಹಳೆಯ ಪದ ಕೈಬಿಟ್ಟು, ಅಂಗವೈಕಲ್ಯ ಇರುವವರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಹೊಸ ವ್ಯಾಖ್ಯೆ ಕೊಟ್ಟಿತು. ಪದ ಬದಲಾಯಿತು. ಬಲ ಈಗಲೂ ಒಂದೇ ಗಾಲಿಗೆ.

ಸೀಮೆಸುಣ್ಣದ ಮೇಸ್ತ್ರಿಯ ಗಿರಾಕಿಯೊಬ್ಬರ ಬಳಿ ಅಂಥ ಸ್ಕೂಟರಿದೆ. ಪಕ್ಕದ ಗಾಲಿಗಳ ಸ್ಪ್ರಿಂಗನ್ನು ಸಡಿಲ ಮಾಡಿಸಿ ನಡುವಿನ ಗಾಲಿಗೆ ತುಸು ಹೆಚ್ಚು ಭಾರ ಬೀಳುವಂತೆ ಮಾಡಿಸಿಕೊಂಡಿದ್ದಾರೆ. ಇನ್ನೂ ಸಡಿಲಿಸಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಅವರ ಬಾಳೆ ತೋಟ ಹೆದ್ದಾರಿಯಿಂದ ಒಳಗೆ, ಎರೆಹೊಲದ ದಾರಿಯಲ್ಲಿದೆ. ಮಳೆಗಾಲದಲ್ಲಿ ಅವರು ಡಾಂಬರಿನ ಅಂಚಿಗೆ ಸ್ಕೂಟರ್ ನಿಲ್ಲಿಸಿ ಅದರ ಮೇಲೇ ಕೂತು ಕಾಯುತ್ತಾರೆ. ಅವರ ಬಾಳೆಗೊನೆಗಳು ಹಿಂದಿನ ಎರಡು ಗಾಲಿಗೂ ಬಲವಿರುವ ಗಾಡಿಯಲ್ಲಿ ಒಳಗಿನಿಂದ ಬರುತ್ತವೆ.