ದೆಹಲಿಯ ಹೊಗೆ, ಕೊಳ್ಳೇಗಾಲದ ಒಲೆ

ನವೆಂಬರ್ ಬಂತು ಅಂದ್ರೆ ನಮ್ಮ ಸ್ಕ್ರೀನ್ ತುಂಬ ದೆಹಲಿಯ ಹೊಗೆ. ಅದನ್ನು ನೋಡುವ ಕೊಳ್ಳೇಗಾಲದ ವೀಕ್ಷಕರು ‘ಸದ್ಯ, ನಮ್ಮೂರ ಗಾಳಿ ಚೆನ್ನಾಗಿದೆ’ ಅಂದುಕೊಳ್ಳುತ್ತಾರೆ. ನಿಜಾನಾ? ಸ್ವಲ್ಪ ಇತಿಹಾಸ ನೋಡೋಣ ಬನ್ನಿ.

1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಅಂದರೆ ಮೈಸೂರಿನ ನೆಲ. ಸರ್ಕಾರ ಬೇರೆ ಬೇರೆ, ಆದರೆ ಕಸುಬು ಒಂದೇ: ರೇಷ್ಮೆ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್‌ಗೆ ರೇಷ್ಮೆ ಬೇಕಾದಾಗ ಈ ಕಸುಬಿಗೆ ಇನ್ನಷ್ಟು ಬೇಡಿಕೆ ಬಂತು.

ಗೂಡನ್ನು ಬಿಸಿನೀರಲ್ಲಿ ಬೇಯಿಸಿದರೆ ಅಂಟು ಸಡಿಲವಾಗಿ ಎಳೆ ಬಿಡುತ್ತದೆ. ಬೇಯಿಸೋಕೆ ಸೌದೆ ಬೇಕು. ನೂಲು ಬಿಚ್ಚುವವರು ದಿನವಿಡೀ ಕೂರುವುದು ಆ ಹೊಗೆ, ಆವಿಯ ನಡುವೆ. ರೇಷ್ಮೆಯ ಪ್ರೋಟೀನ್‌ನಿಂದಲೇ ಕೆಲವರಿಗೆ ಅಸ್ತಮಾ ಬರುತ್ತದೆ ಅನ್ನುವುದು ವೈದ್ಯಲೋಕಕ್ಕೆ ಗೊತ್ತಿರುವ ಸಂಗತಿ. ಮದುವೆಯಲ್ಲಿ ಮಿಂಚುವ ಸೀರೆಯ ಹಿಂದೆ ಯಾರದ್ದೋ ಕೆಮ್ಮೂ ಇದೆ.

ಹಾಗಂತ ನಮ್ಮವರು ಸುಮ್ಮನೆ ಕೂರಲಿಲ್ಲ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಮೂರು ಪಾತ್ರೆಗೆ ಒಂದೇ ಬೆಂಕಿ, ಕಡಿಮೆ ಸೌದೆ, ಹೊಗೆ ಕೊಳವೆಯಿಂದ ಹೊರಗೆ. ಇಂಜಿನಿಯರಿಂಗ್ ಓದಿದ ನನಗೆ ಇದು ರಾಕೆಟ್‌ಗಿಂತ ಕಡಿಮೆ ಸಾಧನೆ ಅನ್ನಿಸಲ್ಲ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳಿಗೆ ರಾಷ್ಟ್ರೀಯ ಕಾರ್ಯಕ್ರಮವನ್ನೇ ಮಾಡಿತು. ಆದರೆ ಕೊಳವೆ ಕಟ್ಟಿಕೊಂಡರೆ ತೆಗೆಯೋರು ಯಾರು, ಒಲೆ ಬಿರುಕು ಬಿಟ್ಟರೆ ರಿಪೇರಿ ಯಾರದ್ದು? ಅದನ್ನು ಯೋಚಿಸದೆ ಒಲೆ ಕಟ್ಟಿ ಹೋದದ್ದೇ ಹೆಚ್ಚು. 2002ರಲ್ಲಿ ಯೋಜನೆ ನಿಂತಿತು.

2016ರಲ್ಲಿ ಉಜ್ವಲ ಬಂತು, ಸಿಲಿಂಡರ್ ಬಂತು. ಹನೂರಿನಂಥ ಕಾಡಂಚಿನ ತಾಲ್ಲೂಕಿನಲ್ಲಿ ಸಿಲಿಂಡರ್‌ಗೆ ದುಡ್ಡು ಬೇಕು, ಸೌದೆ ಪುಕ್ಕಟೆ. ಖಾಲಿಯಾದ ಸಿಲಿಂಡರ್ ಮೂಲೆ ಸೇರಿದರೆ ಅಮ್ಮ ಮತ್ತೆ ಊದುಕೊಳವೆ ಹಿಡಿಯುತ್ತಾಳೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಮ್ಮು ಮಾತ್ರ ಅಲ್ಲ. ಹೃದಯಾಘಾತ, ಪಾರ್ಶ್ವವಾಯು, ಮಕ್ಕಳ ನ್ಯುಮೋನಿಯಾ ಎಲ್ಲವೂ ಇದರಲ್ಲಿವೆ.

ಇನ್ನು ಕಾನೂನು. ವಾಯುಮಾಲಿನ್ಯ ಕಾಯ್ದೆ ಬಂದದ್ದು 1981ರಲ್ಲಿ. 2019ರ ಶುದ್ಧ ಗಾಳಿ ಯೋಜನೆಯಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಮಾತ್ರ. ಜಿಲ್ಲಾ ಕೇಂದ್ರ ಚಾಮರಾಜನಗರದಲ್ಲಿ ಗಾಳಿ ಅಳೆಯುವ ಯಂತ್ರವಿದೆ, ಸರಿ. ಆದರೆ ಅಲ್ಲಿನ ನಂಬರ್ ಕೊಳ್ಳೇಗಾಲದ ಬಿಚ್ಚಾಣಿಕೆ ಮನೆಯ ಹೊಗೆ ಹೇಳುತ್ತದಾ? ಬೆಂಗಳೂರು-ಕೊಯಮತ್ತೂರು ಹೆದ್ದಾರಿಯ ಲಾರಿ ಧೂಳು ಹೇಳುತ್ತದಾ?

ಮಾಡಬೇಕಾದ್ದು ದೊಡ್ಡದೇನಲ್ಲ. ಬಿಚ್ಚಾಣಿಕೆ ಒಲೆಗೆ ಕೊಳವೆ, ಜೊತೆಗೆ ಅದನ್ನು ವರ್ಷಾ ವರ್ಷಾ ತೆಗೆಯಲು ಒಬ್ಬ ಕೆಲಸಗಾರ. ಬಡವರ ಕೈಗೆಟಕುವ ಸಿಲಿಂಡರ್ ಬೆಲೆ. ಕಲ್ಲು, ಜಲ್ಲಿ ಲಾರಿಗೆ ಟಾರ್ಪಾಲು. ಬೀದಿಯಲ್ಲಿ ಕಸಕ್ಕೆ ಬೆಂಕಿ ಹಾಕದಿರುವುದು. ಮೂರೂ ತಾಲ್ಲೂಕಿಗೆ ಒಂದೊಂದು ಅಳತೆ ಯಂತ್ರ.

ಅಸ್ತ್ರ ಒಲೆಯಲ್ಲಿ ತಂತ್ರಜ್ಞಾನ ಸೋಲಲಿಲ್ಲ, ಕಟ್ಟಿದ ಮೇಲೆ ತಿರುಗಿ ನೋಡದ ನಮ್ಮ ಅಭ್ಯಾಸ ಸೋತಿತು. ಈ ಸಲವಾದರೂ ತಿರುಗಿ ನೋಡೋಣ. ಮುಂದಿನ ನವೆಂಬರ್‌ನಲ್ಲಿ ದೆಹಲಿ ತೋರಿಸುವ ಮೊದಲು ನಾವೂ ಒಮ್ಮೆ ಕೊಳ್ಳೇಗಾಲಕ್ಕೆ ಕ್ಯಾಮೆರಾ ತಿರುಗಿಸುತ್ತೇವೆ.