ಮರಣಮುಖದಲ್ಲಿ ಮಂದಹಾಸ

ಗಾಂಭೀರ್ಯವೆಂದರೆ ಹುಬ್ಬುಗಂಟಿಕ್ಕಿಕೊಂಡಿರುವುದೆಂದು ಲೋಕದ ಜನರು ಬಗೆಯುವರು. ಗುರುಸನ್ನಿಧಿಯಲ್ಲಾಗಲಿ ಮರಣದ ಮನೆಯಲ್ಲಾಗಲಿ ನಕ್ಕವನನ್ನು ಹಗುರಮನಸ್ಸಿನವನೆಂದು ಹಳಿಯುವುದೂ ವಾಡಿಕೆಯು. ಈ ತೀರ್ಪು ಎಲ್ಲೆಡೆಯಲ್ಲಿಯೂ ಸಲ್ಲದೆಂಬುದಕ್ಕೆ ಆಂಗ್ಲದೇಶದ ಸರ್ ಥಾಮಸ್ ಮೋರನ ಅಂತ್ಯವೇ ನಿದರ್ಶನವು.

ಮೋರನು ಪ್ರಕಾಂಡಪಂಡಿತನು, ‘ಯುಟೋಪಿಯಾ’ ಎಂಬ ಗ್ರಂಥದ ಕರ್ತೃವು. 1529ರಿಂದ 1532ರ ವರೆಗೆ ಲಾರ್ಡ್ ಚಾನ್ಸಲರನೆಂಬ ಉನ್ನತ ರಾಜಪದವಿಯಲ್ಲಿದ್ದನು. ದೊರೆಯಾದ 8ನೆಯ ಹೆನ್ರಿಯು ರಾಣಿಯನ್ನು ತ್ಯಜಿಸಿ ಬೇರೊಬ್ಬಳನ್ನು ವರಿಸಿ, ಪೋಪನ ಅಧಿಕಾರವನ್ನು ತಳ್ಳಿಹಾಕಲು, ಆ ಸಂಬಂಧವಾಗಿ ವಿಧಿಸಿದ ಪ್ರಮಾಣವಚನವನ್ನು ಮೋರನು ಸ್ವೀಕರಿಸಲಿಲ್ಲ. 1534ರ ಎಪ್ರಿಲಿನಲ್ಲಿ ಅವನನ್ನು ಲಂಡನ್ನಿನ ಟವರ್ ಕೋಟೆಯಲ್ಲಿ ಸೆರೆಯಿಟ್ಟರು. ಪ್ರಿಯಪುತ್ರಿಯಾದ ಮಾರ್ಗರೆಟಳು ಬೇಡಿಕೊಂಡರೂ ಅವನ ನಿಶ್ಚಯವು ಕದಲಲಿಲ್ಲ.

1535ನೆಯ ಜುಲೈ 6ರಂದು ಅವನನ್ನು ವಧಾಸ್ಥಾನಕ್ಕೆ ಕರೆತಂದರು. ಅಲ್ಲಿಯ ಅಟ್ಟವು ಅಲುಗಾಡುತ್ತಿದ್ದಿತು. ಮೋರನು ಅಧಿಕಾರಿಯತ್ತ ತಿರುಗಿ, “ಮೇಲೇರಲು ಮಾತ್ರ ಕೈಗೊಡಿರಿ, ಇಳಿಯುವ ಚಿಂತೆ ನನಗಿರಲಿ” ಎಂಬರ್ಥದ ಮಾತನ್ನಾಡಿದನು. ಪ್ರಾರ್ಥನೆಯನ್ನು ಮುಗಿಸಿದ ಬಳಿಕ ವಧಕನಿಗೆ ಧೈರ್ಯವನ್ನು ಹೇಳಿ, ತನ್ನ ಕೊರಳು ಗಿಡ್ಡದು, ಗುರಿ ತಪ್ಪಿ ಹೆಸರು ಕೆಡಿಸಿಕೊಳ್ಳಬೇಡವೆಂದು ಎಚ್ಚರಿಸಿದನು. ಕೊರಡಿನ ಮೇಲೆ ತಲೆಯಿಟ್ಟು, ಗಡ್ಡವು ತುಂಡಾಗದಂತೆ ಅದನ್ನು ಓರೆಗೆ ಸರಿಸಿದನು. ಆ ಗಡ್ಡವು ರಾಜದ್ರೋಹವನ್ನು ಮಾಡಿಲ್ಲವಷ್ಟೆ ಎಂದನೆಂದೂ ಅನಂತರದವರು ಹೇಳುತ್ತ ಬಂದಿರುವರು.

ರಾಜಪಕ್ಷದ ಚರಿತ್ರಕಾರನಾದ ಎಡ್ವರ್ಡ್ ಹಾಲನಿಗೆ ಇದು ಸರಿಬೀಳಲಿಲ್ಲ. ಇವನನ್ನು ಮೂರ್ಖನಾದ ಜ್ಞಾನಿಯೆನ್ನಲೋ ಜ್ಞಾನಿಯಾದ ಮೂರ್ಖನೆನ್ನಲೋ ತಿಳಿಯದೆಂದು ಅವನು ಆಕ್ಷೇಪಿಸಿದನು. ಆಕ್ಷೇಪವು ವಿಚಾರಾರ್ಹವಾದುದು, ಮರಣಕಾಲವು ಪರಿಹಾಸ್ಯಕ್ಕೆ ತಕ್ಕ ಕಾಲವೇ?

ಆದರೆ ಮೋರನು ನಕ್ಕುದು ಯಾವುದನ್ನು ಕುರಿತು ಎಂಬುದನ್ನು ಲಕ್ಷಿಸಬೇಕು. ತನ್ನ ಕಾಲು, ಕೊರಳು, ಗಡ್ಡ, ಅಂದರೆ ಅಳಿಯುವ ದೇಹವನ್ನು ಕುರಿತು ನಕ್ಕನೇ ಹೊರತು, ಯಾವುದಕ್ಕಾಗಿ ದೇಹವನ್ನು ತೆತ್ತನೋ ಆ ನಿಷ್ಠೆಯನ್ನು ಕುರಿತು ನಗಲಿಲ್ಲ. ತನ್ನನ್ನು ಕೊಲ್ಲುವವನನ್ನೂ ಹೀಯಾಳಿಸಲಿಲ್ಲ. ಅವನ ಅಳುಕನ್ನು ಕಳೆಯುವುದಕ್ಕೆ ವಿನೋದವನ್ನು ಬಳಸಿದನು. ಪರರನ್ನು ನೋಯಿಸುವ ನಗೆ ಬೇರೆ, ಪರರ ಭಾರವನ್ನು ಇಳಿಸುವ ನಗೆ ಬೇರೆ. ಭಯದಿಂದ ಬಿಗಿದ ಮೋರೆಯೆಲ್ಲವೂ ಭಕ್ತಿಯಲ್ಲ. ಅರಳಿದ ಮೋರೆಯೆಲ್ಲವೂ ಉದಾಸೀನತೆಯಲ್ಲ.

ನಾಲ್ಕುನೂರು ವರ್ಷಗಳ ತರುವಾಯ, 1935ರಲ್ಲಿ, ಪೋಪನು ಮೋರನನ್ನು ಸಂತನೆಂದು ಸಾರಿದನು. ಮರಣವನ್ನು ಹಬ್ಬವೆಂದು ಬಗೆದ ಶರಣರ ಮಕ್ಕಳಾದ ನಮಗೆ ಆ ಪರದೇಶದವನ ನಗೆಯು ಅಪರಿಚಿತವೆನಿಸದು.