ಹಣೆಯ ಚರ್ಮದಿಂದ ಮೂಗು: ಮುಖದ ಕ್ಯಾನ್ಸರ್ ಆಪರೇಷನ್ ನಡೆದುಬಂದ ದಾರಿ

ಮೂಗಿನ ಪಕ್ಕದಲ್ಲಿ ಸಣ್ಣದೊಂದು ಗಂಟು ಏಳುತ್ತದೆ. ನೋವಿಲ್ಲ. ಕೆಲವು ದಿನಕ್ಕೆ ಒಡೆದು ಹುಣ್ಣಾಗುತ್ತದೆ, ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಉದುರಿ ಮತ್ತೆ ರಕ್ತ ಬರುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆಯುತ್ತದೆ. ನಮ್ಮ ಊರುಗಳಲ್ಲಿ ಇಂಥದ್ದಕ್ಕೆ ಸುಣ್ಣ ಹಚ್ಚುವವರಿದ್ದಾರೆ, ಎಕ್ಕದ ಹಾಲು ಹಾಕುವವರಿದ್ದಾರೆ. ಆಸ್ಪತ್ರೆಗೆ ತೋರಿಸಿ ಎಂದರೆ ಬರುವ ಮಾತು ಒಂದೇ: "ಮೂಗು ಕೊಯ್ದುಬಿಟ್ಟರೆ ಆಮೇಲೆ ನಾಲ್ಕು ಜನರ ಮುಂದೆ ಹೇಗೆ ಓಡಾಡೋದು?"

ಈ ಭಯ ಹೊಸದಲ್ಲ, ತಪ್ಪೂ ಅಲ್ಲ. ತಲೆ, ಮುಖ, ಕತ್ತಿನ ಚರ್ಮದ ಕ್ಯಾನ್ಸರ್‌ಗೆ ಕತ್ತಿ ಹಿಡಿದ ವೈದ್ಯರೆಲ್ಲ ಎರಡು ಪ್ರಶ್ನೆ ಎದುರಿಸಿದ್ದಾರೆ. ರೋಗ ಪೂರ್ತಿ ಹೋಯಿತೇ? ಕೊಯ್ದ ಮೇಲೆ ಮುಖ ಉಳಿಯುತ್ತದೆಯೇ? ವಿಚಿತ್ರವೆಂದರೆ, ಎರಡನೇ ಪ್ರಶ್ನೆಗೇ ಮೊದಲು ಉತ್ತರ ಸಿಕ್ಕಿತು. ಆ ಕಥೆ ನಮ್ಮ ಶ್ರೀರಂಗಪಟ್ಟಣದ ಹತ್ತಿರ ಹಾದುಹೋಗುತ್ತದೆ.

ಎತ್ತು ಹೊಡೆಯುವವನ ಮೂಗು

1790ರಿಂದ 1792ರವರೆಗೆ ನಡೆದ ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಸಾಮಾನು ಸಾಗಿಸುವ ಎತ್ತುಗಳನ್ನು ಹೊಡೆಯುತ್ತಿದ್ದವನು ಕಾವಸ್‌ಜಿ ಎಂಬ ಮರಾಠ ರೈತ. ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು ಎಂದು ಆ ಕಾಲದ ವರದಿ ಹೇಳುತ್ತದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಅದನ್ನು ವಿವರಿಸುವ ಪತ್ರ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಪತ್ರಿಕೆಯಲ್ಲಿ ಅಚ್ಚಾಯಿತು. ಪತ್ರದಲ್ಲಿ ರೋಗಿಯ ಹೆಸರಿದೆ, ಇಂಥ ಆಪರೇಷನ್ ಕಂಡ ಇಂಗ್ಲಿಷ್ ವೈದ್ಯರ ಹೆಸರಿದೆ. ಮೂಗು ಮಾಡಿದವನ ಹೆಸರಿಲ್ಲ.

ಮಾಡುವ ವಿಧಾನ ಹೀಗಿತ್ತು. ತೆಳು ಮೇಣದ ಹಾಳೆಯನ್ನು ಉಳಿದ ಮೂಗಿನ ಮೇಲಿಟ್ಟು ಮೂಗಿನ ಆಕಾರ ಕೊಡುವುದು. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಗೆರೆಯೊಳಗಿನ ಚರ್ಮವನ್ನು ಬಿಡಿಸುವುದು, ಆದರೆ ಎರಡು ಕಣ್ಣಿನ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಬಿಡುವುದು. ಗುಟ್ಟೆಲ್ಲ ಆ ಪಟ್ಟಿಯಲ್ಲಿದೆ. ಅದರ ಮೂಲಕ ರಕ್ತ ಹರಿಯುವುದರಿಂದ ಚರ್ಮ ಸಾಯುವುದಿಲ್ಲ. ಚರ್ಮವನ್ನು ತಿರುವಿ ಕೆಳಗೆ ತಂದು ಮೂಗಿನ ಜಾಗಕ್ಕೆ ಕೂರಿಸಿ, ಅಂಟಿಗೆ ಕಾಚು ಸವರಿದ ಬಟ್ಟೆಯ ಪಟ್ಟಿಗಳನ್ನು ಇಡುತ್ತಿದ್ದರು. ಎಲೆಅಡಿಕೆಗೆ ಹಾಕುವ ಅದೇ ಕಾಚು. ನಾಲ್ಕು ದಿನದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೇ ದಿನಕ್ಕೆ, ಹೊಸ ಜಾಗದಲ್ಲಿ ಚರ್ಮ ಕೂಡಿಕೊಂಡ ಮೇಲೆ, ಆ ಪಟ್ಟಿಯನ್ನು ಕತ್ತರಿಸುತ್ತಿದ್ದರು.

ಇದರ ಬೇರು ಇನ್ನೂ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಮಾಡುವ ವಿವರವಿದೆ. ಪುಣೆಯ ಸುದ್ದಿ ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೇನಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಮಾಡಿದ. 1816ರಲ್ಲಿ ಪುಸ್ತಕ ಬರೆದ. ಅಲ್ಲಿಂದ ಈ ವಿದ್ಯೆ ಯುರೋಪಿನ ತುಂಬ ಹರಡಿತು. ಆಗ ಇದನ್ನೆಲ್ಲ ಮಾಡುತ್ತಿದ್ದುದು ಎಚ್ಚರವಿದ್ದ ಮನುಷ್ಯನ ಮೇಲೆ. 1846ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜನರೆದುರು ಈಥರ್ ಕೊಟ್ಟು ಮಾಡಿದ ಹೆಸರಾಂತ ಆಪರೇಷನ್ ಕೂಡ ಕತ್ತಿನ ಗಡ್ಡೆಯದೇ.

ಗರಿಕೆಯಂಥ ಬೇರು

ಮುಖ ಕಟ್ಟುವುದು ಗೊತ್ತಾಯಿತು. ಆದರೆ ಕ್ಯಾನ್ಸರ್ ಎಲ್ಲಿಯವರೆಗೆ ಇದೆ ಎಂದು ತಿಳಿಯುವುದು ಹೇಗೆ? 1827ರಲ್ಲಿ ಡಬ್ಲಿನ್‌ನ ಕಣ್ಣಿನ ವೈದ್ಯ ಆರ್ಥರ್ ಜೇಕಬ್, ರೆಪ್ಪೆ ಮತ್ತು ಮುಖವನ್ನು ನಿಧಾನವಾಗಿ ತಿನ್ನುತ್ತಾ ಹೋಗುವ ಹುಣ್ಣೊಂದನ್ನು ವಿವರಿಸಿದ. ಇಂದು ಅದನ್ನು ಬೇಸಲ್ ಸೆಲ್ ಕ್ಯಾನ್ಸರ್ ಎನ್ನುತ್ತಾರೆ. ದೇಹದ ಬೇರೆ ಕಡೆಗೆ ಹರಡುವುದು ಬಹಳ ಅಪರೂಪ. ಆದರೆ ಇದ್ದಲ್ಲೇ ಚರ್ಮ, ಎಲುಬು, ಕಣ್ಣನ್ನೂ ತಿನ್ನಬಲ್ಲದು.

ಇದು ಹೊಲದ ಗರಿಕೆಯಂತೆ. ಮೇಲೆ ಕಾಣುವುದು ಒಂದು ಕುಚ್ಚು, ಮಣ್ಣೊಳಗೆ ಬೇರು ಎಲ್ಲೆಲ್ಲಿಗೋ ಹೋಗಿರುತ್ತದೆ. ಸುಡುವ ಮುಲಾಮು ಹಚ್ಚುವ ಚಿಕಿತ್ಸೆ ಯುರೋಪಿನಲ್ಲೂ ಬಹಳ ಕಾಲ ಇತ್ತು, ಪಾಷಾಣ ಬೆರೆಸಿದ್ದನ್ನೂ ಹಚ್ಚುತ್ತಿದ್ದರು. ಮೇಲಿನದು ಸುಟ್ಟು ಚರ್ಮ ಮುಚ್ಚಿಕೊಂಡರೆ ವಾಸಿಯಾಯಿತು ಎಂದುಕೊಳ್ಳುತ್ತಿದ್ದರು. ಅಡಿಯಲ್ಲಿ ಅದು ಬೆಳೆಯುತ್ತಲೇ ಇರುತ್ತಿತ್ತು. ಸುಣ್ಣ, ಎಕ್ಕದ ಹಾಲಿನ ಅಪಾಯವೂ ಇದೇ.

ಇಲ್ಲಿ ದಾರಿ ತೋರಿಸಿದವರು ಅಮೆರಿಕದ ವಿಸ್ಕಾನ್ಸಿನ್‌ನ ಫ್ರೆಡರಿಕ್ ಮೋಸ್. 1930ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ ಅವರಿಗೊಂದು ವಿಷಯ ಕಂಡಿತು. ಜಿಂಕ್ ಕ್ಲೋರೈಡ್ ಮಾಂಸವನ್ನು ಸಾಯಿಸುತ್ತದೆ, ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ರಚನೆ ಕೆಟ್ಟಿರುವುದಿಲ್ಲ. ಅವರ ಚಿಕಿತ್ಸೆಯೂ ಶುರುವಾದದ್ದು ಸುಡುವ ಮುಲಾಮಿನಿಂದಲೇ. ವ್ಯತ್ಯಾಸ ಒಂದೇ: ಹಚ್ಚಿ ಸುಮ್ಮನಾಗಲಿಲ್ಲ. ತೆಳುವಾದ ಪದರ ತೆಗೆದು, ಜಮೀನಿಗೆ ಹದ್ದುಬಸ್ತು ಮಾಡುವ ಹಾಗೆ ನಕ್ಷೆ ಬರೆದು, ಅಂಚು ಮತ್ತು ತಳವನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕ್ಯಾನ್ಸರ್ ಕಂಡ ಮೂಲೆಯಲ್ಲಿ ಮಾತ್ರ ಇನ್ನೊಂದು ಪದರ ತೆಗೆದರು. 1941ರಲ್ಲಿ ಇದನ್ನು ಪ್ರಕಟಿಸಿದರು. ಮುಲಾಮು ಬಹಳ ನೋವು ಕೊಡುತ್ತಿತ್ತು, ದಿನಗಟ್ಟಲೆ ಹಿಡಿಯುತ್ತಿತ್ತು. 1974ರಲ್ಲಿ ಟ್ರೊಮೊವಿಚ್ ಮತ್ತು ಸ್ಟೆಗ್‌ಮನ್ ಎಂಬ ವೈದ್ಯರು ಮುಲಾಮಿಲ್ಲದೆ, ಮರಗಟ್ಟಿಸಿ, ತಾಜಾ ಚರ್ಮವನ್ನೇ ಹೀಗೆ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದ ಮೇಲೆ ಒಂದೇ ದಿನದಲ್ಲಿ ಮುಗಿಸುವ ವಿಧಾನ ಬಳಕೆಗೆ ಬಂತು. ಮುಖದಲ್ಲಿ ಒಂದೊಂದು ಮಿಲಿಮೀಟರ್ ಚರ್ಮವೂ ಲೆಕ್ಕಕ್ಕೆ ಬರುತ್ತದೆ, ಅದಕ್ಕೇ ಈ ವಿಧಾನಕ್ಕೆ ಬೆಲೆ.

ಕತ್ತು ಮತ್ತು ಭುಜ

ಸ್ಕ್ವಾಮಸ್ ಸೆಲ್ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಕತ್ತಿನ ಲಿಂಫ್ ಗ್ರಂಥಿಗಳಿಗೆ ಇಳಿಯಬಹುದು. 1906ರಲ್ಲಿ ಅಮೆರಿಕದ ಜಾರ್ಜ್ ಕ್ರೈಲ್, ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗಳಿಗೆ ಆ ಗ್ರಂಥಿಗಳನ್ನು ಸುತ್ತಲಿನ ಸ್ನಾಯು, ರಕ್ತನಾಳದ ಸಮೇತ ತೆಗೆಯುವ ಕ್ರಮವನ್ನು ವಿವರಿಸಿದರು. ಜೀವ ಉಳಿಯುತ್ತಿತ್ತು. ಆದರೆ ಈ ಕ್ರಮದಲ್ಲಿ ಭುಜದ ನರವೂ ಹೋದರೆ ಕೈ ಮೇಲೆತ್ತಲು ಕಷ್ಟ. ಗುದ್ದಲಿ ಹಿಡಿಯುವವರಿಗೆ, ಹೊರೆ ಹೊರುವವರಿಗೆ ಭುಜವೆಂದರೆ ಅನ್ನ. 1960ರ ದಶಕದಲ್ಲಿ ಅರ್ಜೆಂಟೀನಾದ ಓಸ್ವಾಲ್ಡೊ ಸುವಾರೆಸ್, ನರ ಮತ್ತು ಸ್ನಾಯು ಉಳಿಸಿ ಗ್ರಂಥಿಗಳನ್ನಷ್ಟೇ ಬಿಡಿಸಬಹುದು ಎಂದು ತೋರಿಸಿದರು. ಇಂದು ಸಾಧ್ಯವಿದ್ದಲ್ಲೆಲ್ಲ ನರ ಉಳಿಸಲು ನೋಡುತ್ತಾರೆ.

ಎರಡು ದಾರಿ ಕೂಡಿದ ಜಾಗ

ಇಂದು ಮೂಗಿನ ಕ್ಯಾನ್ಸರ್ ತೆಗೆದ ವೈದ್ಯರು, ಅಂಚಿನಲ್ಲಿ ರೋಗ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, ದೊಡ್ಡ ಗಾಯವಾದರೆ ಹಣೆಯ ಚರ್ಮವನ್ನೇ ತಿರುವಿ ತರುತ್ತಾರೆ. ಸುಮಾರು ಮೂರು ವಾರ ಬಿಟ್ಟು ನಡುವಿನ ಪಟ್ಟಿ ಕತ್ತರಿಸುತ್ತಾರೆ. ಅರಿವಳಿಕೆ, ಸೂಜಿ, ದಾರ ಎಲ್ಲ ಬದಲಾಗಿದೆ. ಹೆಸರಿಲ್ಲದ ಆ ಪುಣೆಯವನ ಲೆಕ್ಕ ಬದಲಾಗಿಲ್ಲ.

ನಮ್ಮ ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಕಡಿಮೆ. ಇಲ್ಲವೆಂದಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ದುಡಿದವರು, ಹುಟ್ಟಿನಿಂದ ಮೈಯಲ್ಲಿ ಬಣ್ಣವಿಲ್ಲದವರು, ಹಳೆಯ ಸುಟ್ಟ ಕಲೆಯಲ್ಲಿ ಹುಣ್ಣಾದವರು ಹೆಚ್ಚು ಎಚ್ಚರ ವಹಿಸಬೇಕು. ತಿಂಗಳಾದರೂ ಮಾಯದ, ಮತ್ತೆ ಮತ್ತೆ ರಕ್ತ ಬರುವ ಹುಣ್ಣು ಮುಖ, ಕಿವಿ, ತುಟಿ, ಕತ್ತಿನ ಮೇಲಿದ್ದರೆ ಜಿಲ್ಲಾಸ್ಪತ್ರೆಯ ಚರ್ಮದ ವೈದ್ಯರಿಗೆ ತೋರಿಸಿ. ಒಂದು ಚೂರು ಚರ್ಮ ತೆಗೆದು ಪರೀಕ್ಷಿಸಿದರೆ ರೋಗ ಯಾವುದೆಂದು ತಿಳಿಯುತ್ತದೆ. ಆ ಪರೀಕ್ಷೆಗೆ ಬಯಾಪ್ಸಿ ಎನ್ನುತ್ತಾರೆ.

ಕಡಲೆಕಾಳಿನಷ್ಟಿದ್ದಾಗ ಹೋದವರಿಗೆ ಹೆಚ್ಚಾಗಿ ನಾಲ್ಕು ಹೊಲಿಗೆಯಲ್ಲಿ ಮುಗಿಯುತ್ತದೆ. ತಡವಾಗಿ ಹೋದವರಿಗೆ ಹಣೆಯ ಚರ್ಮ ಬೇಕಾಗುತ್ತದೆ. ಇನ್ನೂ ತಡವಾದರೆ ಕಣ್ಣನ್ನೇ ಕಳೆದುಕೊಳ್ಳಬೇಕಾಗಬಹುದು. ಮುಖ ಹೋದೀತೆಂಬ ಹೆದರಿಕೆಗೆ ಇನ್ನೂರು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ. ಇನ್ನು ಹೆದರಬೇಕಾದದ್ದು ತಡಮಾಡುವುದಕ್ಕೆ.